ತಲಕಾಡಿನ ಗೋವಾ

ಅಮೃತೇಶನ ಬಾಯಿಗೊಂದು ಬೀಗವಿದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ನಂಜನಗೂಡಿನಲ್ಲಿ ಅವನ ಪಕ್ಕದ ಮನೆಯ ಜಗನ್ ಊಟಿಗೆ ಹೋಗಿ ಬಂದು, ಬೀದಿಗೆಲ್ಲ ಅಲ್ಲಿನ ವರ್ಕಿ ಬಿಸ್ಕತ್ತು ಹಂಚುತ್ತಾ ಅಲ್ಲಿನ ಚಳಿಯನ್ನು ಬಣ್ಣಿಸುತ್ತಿದ್ದ. ಇವನಿಗೆ ತಡೆಯಲಾಗಲಿಲ್ಲ.

"ಮೇ ತಿಂಗಳಲ್ಲಿ ಊಟಿ ಏನ್ ಮಹಾ? ನಾವು ಗೋವಾಕ್ಕೇ ಒಂಟಿದೀವಿ. ಗಾಳಿ ಅಂದ್ರೆ ಸಮುದ್ರದ ಗಾಳಿ ಕಣೋ!"

ಆಡಿದ ಮೇಲೆ ಹೊರಡಲೇಬೇಕಾಯಿತು. ಎದುರು ಮನೆಯ ಗುರುಬಸಮ್ಮಜ್ಜಿ ಇವನನ್ನು ಎತ್ತಿ ಆಡಿಸಿದಾಕೆ. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟು ತಾನೇ ಬಸ್ಸು ಹತ್ತಿಸಿತು. ಆದರೆ ಮೈಸೂರು ಸ್ಟೇಷನ್ನಿನಲ್ಲಿ ನೋಡಿದರೆ ರೈಲಿನ ಟಿಕೆಟ್ಟು ಇನ್ನೂ ವೇಟಿಂಗ್ ಲಿಸ್ಟಿನಲ್ಲೇ ಇತ್ತು. ಯಾವ ಮುಖ ಹೊತ್ತು ವಾಪಸು ಹೋಗುವುದು? ಅವನೂ ಹೆಂಡತಿ ನಂದಿತಾಳೂ ಬನ್ನೂರಿನಲ್ಲಿದ್ದ ಅವಳ ಅಕ್ಕನ ಮನೆ ಸೇರಿ ತೆಪ್ಪಗೆ ಅಡಗಿ ಕೂತರು.

ಸೋಮವಾರ ಬೆಳಗ್ಗೆ ಅಮೃತೇಶ ಹೆಂಡತಿಯನ್ನು ತಲಕಾಡಿಗೆ ಕರೆದುಕೊಂಡು ಹೋದ. ಕಣ್ಣು ಹಾಯಿಸಿದಷ್ಟು ಮರಳು, ಪಕ್ಕದಲ್ಲಿ ಕಾವೇರಿ. ಹೂವಿನ ಚಡ್ಡಿ, ಕಪ್ಪು ಕನ್ನಡಕ ಹಾಕಿ ನೀರಿಗೆ ಬೆನ್ನು ಕೊಟ್ಟು ನಿಂತ. ಹಿಂದೆ ಯಾರೋ ನೀರ ಮೇಲಿನ ಸವಾರಿಗೆ ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದರು.

"ಬ್ಯಾಡ ಕಣ್ರೀ, ಸಿಕ್ಕಾಕ್ಕೋತೀವಿ," ಎಂದಳು ನಂದಿತಾ.

"ಮರಳೆಲ್ಲ ಒಂದೇ ಕಣೇ, ನೀರೂ ಒಂದೇ. ಹೊಡಿ ಫೋಟೋ."

ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಯಿತು: 'ಗೋವಾ ಬೀಚ್. ಹಿತವಾದ ಬಿಸಿಲು, ತಣ್ಣನೆ ಗಾಳಿ.' ಆಮೇಲೆ ಫೋನನ್ನು ಬ್ಯಾಗಿಗೆ ತುರುಕಿ ನೀರಿಗಿಳಿದ.

ಮೇಲೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ಜಗನ್!

"ಬದುಕಿದೀಯೇನೋ! ಗೋವಾದಾಗೆ ಚಂಡಮಾರುತ, ಬೀಚೆಲ್ಲ ಬಂದ್ ಅಂತ ಬೆಳಗ್ಗಿಂದ ಟಿವಿಯೋರು ಬಡ್ಕೋತಾವ್ರೆ. ನೀನು ನೋಡಿದ್ರೆ ಬಿಸಿಲು ಅಂತೀಯ! ಗುರುಬಸಮ್ಮಜ್ಜಿ ಒಂದು ತೊಟ್ಟು ನೀರು ಕುಡಿದಿಲ್ಲ. ನಿನ್ನ ದನಿ ಕೇಳಿದ್ರೆ ಸಾಕು, ನಂಜುಂಡೇಶ್ವರನ ಗುಡಿ ಸುತ್ತ ಉರುಳುಸೇವೆ ಮಾಡ್ತೀನಿ ಅಂತ ಅರಕೆ ಒತ್ಕಂಡದೆ. ಇವತ್ತು ಸ್ವಾಮಾರ ಅಲ್ವಾ, ಸಾಯಂಕಾಲವೇ ಉರುಳ್ತದಂತೆ."

ಕೂತಲ್ಲಿಂದ ಏಳಲು ಗೋಡೆ ಹಿಡಿಯುವ ಮುದುಕಿ ತನ್ನ ಸುಳ್ಳಿಗಾಗಿ ಸುಡುವ ಕಲ್ಲಿನ ಮೇಲೆ ಹೊರಳುವುದೇ? ಅಮೃತೇಶನಿಗೆ ನಾಚಿಕೆಯಿಂದ ಸತ್ತೇ ಹೋಗೋಣ ಅನ್ನಿಸಿತು. ಚಡ್ಡಿ ಬದಲಿಸಲೂ ನಿಲ್ಲದೆ ಹೆಂಡತಿಯನ್ನು ಎಳೆದುಕೊಂಡು ಓಡಿದ. ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ನಂಜನಗೂಡಿನಲ್ಲಿ ಇಳಿದವನೇ ಗುಡಿಯತ್ತ ಓಡಿದ.

ಗುಡಿಯ ಮುಂದೆ ಇಡೀ ಬೀದಿಯೇ ನೆರೆದಿತ್ತು. ನಡುವೆ ಒದ್ದೆ ಸೀರೆಯಲ್ಲಿ ಗುರುಬಸಮ್ಮಜ್ಜಿ.

"ಫ್ಲೈ... ಫ್ಲೈಟಲ್ಲಿ ಬಂದ್ಬಿಟ್ಟೆ," ಎಂದ ಅಮೃತೇಶ.

ಎಲ್ಲರೂ ಅವನ ಹೂವಿನ ಚಡ್ಡಿಯನ್ನಷ್ಟೇ ನೋಡಿದರು. ಅದಕ್ಕೇ ಅವನಿಗೆ ಇನ್ನಷ್ಟು ದಿಗಿಲಾಯಿತು.

"ಅಜ್ಜಿ, ನಿಮ್ಮ ಮಂಡಿ ನೋವು ನಂಗೊತ್ತಿಲ್ವಾ? ನಿಮ್ಮ ಅರಕೆ ನಾನು ತೀರಿಸ್ತೀನಿ."

"ಆಯ್ತು ಕಣ್ ಮಗ," ಎಂದು ಅಜ್ಜಿ ತಕ್ಷಣ ಒಪ್ಪಿಬಿಟ್ಟಿತು.

ಕಪಿಲಾ ನದಿಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ ಅಮೃತೇಶ ಉರುಳತೊಡಗಿದ. ದಿನವಿಡೀ ಕಾದ ಕಲ್ಲು. ಕಾವಲಿಯ ಮೇಲಿನ ದೋಸೆಯ ಹಾಗೆ ಚುರ್ರೆಂದ. ಮಗ್ಗುಲು ಬದಲಿಸಿದಾಗಲೆಲ್ಲ ಬೀದಿಯವರ ಮುಖಗಳು ಮೇಲೆ ಕೆಳಗಾಗಿ ಕಾಣುತ್ತಿದ್ದವು. ಜಗನ್ ಫೋನು ಹಿಡಿದು ಪಕ್ಕದಲ್ಲೇ ನಡೆದು ಬರುತ್ತಿದ್ದ. ಅರ್ಧ ಸುತ್ತಿಗೆ ಅಮೃತೇಶನಿಗೆ ಸುಳ್ಳು ಸಾಕಾಗಿ ಹೋಯಿತು.

ಸುತ್ತು ಮುಗಿಯುತ್ತಲೇ ಅಜ್ಜಿಯ ಕಾಲು ಹಿಡಿದುಕೊಂಡ. "ತಪ್ಪಾಯ್ತು ಅಜ್ಜಿ. ನಾನು ಗೋವಾಕ್ಕೆ ಓಗೇ ಇರ್ಲಿಲ್ಲ."

"ಗೊತ್ತು ಕಣಪ್ಪ," ಎಂದಿತು ಅಜ್ಜಿ, ಸೆರಗಿನಿಂದ ಅವನ ಮುಖ ಒರೆಸುತ್ತಾ. "ನೀನು ಬಸ್ನಾಗೆ ಬತ್ತಿದ್ದಾಗ ಜಗನ್ ನಿನ್ ಪೋಟೋ ದೊಡ್ದು ಮಾಡಿ ತೋರ್ಸ್ದ. ನಿನ್ ಬೆನ್ನಿಂದೆ ದುಂಡನೆ ತೆಪ್ಪ ಇತ್ತು. ಸಮುದ್ರದಾಗೆ ತೆಪ್ಪ ಬುಡ್ತಾರಾ?"

"ಮತ್ತೆ... ಗೊತ್ತಿದ್ದೂ ಉರುಳೋಕೆ ಬುಟ್ರಾ?"

"ಸುಳ್ಳು ಏಳಿದ್ದು ನೀನು. ನಾನು ದೇವ್ರತ್ರ ದಿಟವಾಗ್ಲೂ ಏಳ್ಕಂಡಿದ್ನಲ್ಲ ಮಗ."

ಅಷ್ಟರಲ್ಲಿ ನಂದಿತಾ ತನ್ನ ಫೋನನ್ನು ಗಂಡನ ಮುಂದೆ ಹಿಡಿದಳು. ಜಗನ್ ಹೊಸ ಸ್ಟೇಟಸ್ ಹಾಕಿದ್ದ. ಕಲ್ಲಿನ ಮೇಲೆ ಅಮೃತೇಶ ಹೊರಳುತ್ತಿದ್ದ. ಕೆಳಗೆ ಬರೆದಿತ್ತು: 'ಗೋವಾ ಬೀಚ್. ಹಿತವಾದ ಬಿಸಿಲು, ತಣ್ಣನೆ ಗಾಳಿ.'