ಖಾಲಿ ಬಿಡದ ಶುಭಾಶಯ ಯಂತ್ರ

ಎಳ್ಳ ಅಮಾವಾಸ್ಯೆ ಮುಗಿದು ಮೂರನೆಯ ದಿನ, ಬಿಸಿಲು ಅಂಗಳ ಬಿಟ್ಟು ಗೋಡೆ ಏರುವ ಹೊತ್ತು. ಬೆಟಗೇರಿಯ ನಮ್ಮ ಓಣಿಯಲ್ಲಿ ಆಗಲೇ ಚಳಿ ಇಳಿದಿತ್ತು. ಪಕ್ಕದ ಮನೆಯ ಅಂದಾನಪ್ಪ ಓಡಿಬಂದ.

"ಕಾಕಾ, ಕತ್ತರಿ ತಗೊಂಡು ಬಾ! ನಾಳೆ ಊರಿಗೂರೇ ನನ್ನ ಬಾಗಿಲಿಗೆ ಬರತೈತಿ!"

ನಾನು ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸಿದವನು. ಅವನು ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಮನೆಯಲ್ಲೇ ಸಂಕ್ರಾಂತಿ ಕಾರ್ಡು ಮಾಡುತ್ತಿದ್ದ. ಕಂಪ್ಯೂಟರಿನಲ್ಲಿ ಹೂವು, ಲೇಸು, ಗುಂಡಿ, ರಿಬ್ಬನ್ನು, ಫೋಟೋ ಹಚ್ಚುವ ಚೌಕಟ್ಟು ಎಲ್ಲ ಜೋಡಿಸಿ ದಪ್ಪ ಹಾಳೆಗೆ ಪ್ರಿಂಟು ಹೊಡೆಯುವುದು ಅವನ ಕೆಲಸ. ಒಂದೊಂದನ್ನೇ ಕತ್ತರಿಸುವುದು ನನ್ನದು. ಅವನ ಹೆಂಡತಿ ಶಾಂತವ್ವ ಥರ್ಮಾಕೋಲಿನ ಚೂರು ಕೊಟ್ಟು ಪದರ ಪದರವಾಗಿ ಅಂಟಿಸಿ, ಕುಸುರೆಳ್ಳಿನ ಪುಟ್ಟ ಪೊಟ್ಟಣ ಕೂಡಿಸುತ್ತಿದ್ದಳು. ನಮ್ಮ ಕಡೆ ದೂರದವರಿಗೆ ಎಳ್ಳು ಹೋಗುವುದು ಹೀಗೆ, ಟಪಾಲಿನಲ್ಲಿ.

ಪಡಸಾಲೆಯಲ್ಲಿ ಹೊಸ ಯಂತ್ರ ಕೂತಿತ್ತು. ಸ್ಟುಡಿಯೋದ ಹಳೆಯ ಫ್ಲ್ಯಾಶ್ ದೀಪದ ಕೊಡೆ, ಮಿಕ್ಸಿಯ ಮೋಟಾರು, ಪ್ರಿಂಟರು, ನಡುವೆ ಕ್ಯಾಮೆರಾದ ಒಂಟಿ ಕಣ್ಣು. ನಾನು ಕೂತ ಕಡೆ ಅದು ಮೆಲ್ಲಗೆ ತಿರುಗಿತು. ಯಾರೂ ತಿರುಗಿಸಿರಲಿಲ್ಲ.

"ಯಾರಿಗೆ ಅಂತ ಹೆಸರು ಹೇಳಿದ್ರ ಸಾಕು, ಡಿಜೈನ್ ಅದ ಮಾಡತೈತಿ," ಎಂದ ಅಂದಾನಪ್ಪ. "ಮತ್ತ ನಮ್ಮ ಮನಿ ಪದ್ಧತಿನೂ ಕಲಿಸೀನಿ. ಮಂದಿ ಮನಿಗೆ ಡಬ್ಬಿ ಖಾಲಿ ಕಳಸಬಾರದು, ಹೌದಿಲ್ಲೋ? ಹಂಗ ಚೌಕಟ್ಟೂ ಖಾಲಿ ಬಿಡಬ್ಯಾಡ, ಕೈಗೆ ಸಿಕ್ಕದ್ದು ಹಾಕಿ ಕಳಸು ಅಂದೀನಿ!"

"ಅದಕ್ಕ ಕೈ ಎಲ್ಲದಾವು?" ಎಂದಳು ಶಾಂತವ್ವ.

"ನಿನಗ ವಿಜ್ಞಾನ ತಿಳಿಯೂದಿಲ್ಲ ಸುಮ್ನಿರು!"

ಅವನು ನನ್ನ ಹೆಸರು ಹೇಳಿದ. ಕೊಡೆ ಫಕ್ಕನೆ ಬೆಳಗಿತು. ಹಾಳೆ ಹೊರಬಂತು. ಅಂಚಿಗೆ ಐದು ಬಿಳಿ ಗುಂಡಿ, ನಡುವಿನ ಚೌಕಟ್ಟಿನಲ್ಲಿ ಅವರ ಮನೆಯ ಬೆಕ್ಕು ಚಂಪಿ. ಮೀಸೆಯ ಕೂದಲು ಎಣಿಸಬಹುದಿತ್ತು.

"ಎಷ್ಟು ಜೀವಕಳೆ ನೋಡು ಕಾಕಾ!" ಎಂದು ಎದೆ ಸೆಟೆಸಿದ ಅಂದಾನಪ್ಪ. ಅಂಗಿ ಬಿಚ್ಚಿಕೊಂಡಿತು. ಒಂದೂ ಗುಂಡಿಯಿರಲಿಲ್ಲ.

ಕತ್ತರಿ ಆಡಿಸುವಾಗ ಹಾಳೆ ಬೆಚ್ಚಗಿತ್ತು. ಸಂಜೆ ಮನೆಗೆ ಹೋಗಿ ಕಾರ್ಡು ತೆರೆದೆ. ಚಂಪಿ ಮಡಿಲಿಗೆ ಹಾರಿ, ಒಲೆಯ ಹಿಂದೆ ಹೋಗಿ ಕೂತಿತು. ಮರುದಿನವೂ ಹೊರಗೆ ಬರಲಿಲ್ಲ. ಕಾರ್ಡು ತೆರೆದಾಗಲೇ ಐದು ಗುಂಡಿಯೂ ಟಣಟಣ ನೆಲಕ್ಕೆ ಬಿದ್ದಿದ್ದವು.

ಆಮೇಲೆ ತಿಳಿದದ್ದು ಇಷ್ಟು: ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಅವರು ತೆರೆದರೆ ಮಾತ್ರ ಒಳಗಿದ್ದದ್ದು ಹೊರಬರುತ್ತದೆ. ಬೇರೆಯವರು ಎಳೆದರೆ ಅದು ಹಲಗೆಯ ಹಾಗೆ, ಬಿಚ್ಚುವುದೇ ಇಲ್ಲ. ಓಣಿಯ ಮಾಸ್ತರರ ಕಾರ್ಡಿನಲ್ಲಿ ಅಂದಾನಪ್ಪನ ಬಚ್ಚಲಿನ ಹಂಡೆ ಹೋಯಿತು. ಪಾಪ, ಅವರು ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟು ತೆರೆದಿದ್ದರು. ಇನ್ನೂ ಕುಂಟುತ್ತಾರೆ! ರೋಣದ ದರ್ಜಿಯ ಕಾರ್ಡಿನಲ್ಲಿ ಅಂದಾನಪ್ಪನ ನೆರಳೇ ಹೋಯಿತು. ಮೂರು ದಿನ ಅವನು ಬಿಸಿಲಲ್ಲಿ ಬೋಳಾಗಿ ಓಡಾಡಿದ. ಓಣಿಯ ನಾಯಿಗಳು ಅವನನ್ನು ಕಂಡು ಬೊಗಳದೆ ಹಿಂದೆ ಸರಿದವು. ನಾಲ್ಕನೆಯ ದಿನ ನೆರಳು ರೋಣದಿಂದ ನಡೆದುಕೊಂಡು ಬಂತು. ಮೊಣಕಾಲತನಕ ಧೂಳು.

"ಇದನ್ನ ಬಂದ್ ಮಾಡ್ರಿ," ಎಂದಳು ಶಾಂತವ್ವ.

"ಏ, ಸಣ್ಣ ದೋಷ, ತಿದ್ದತೀನಿ!"

"ತಿದ್ದೂದರಾಗ ನನ್ನ ಗಂಗವ್ವನ ಕಾರ್ಡು ಹೊಂಡಬೇಕು. ಸಂಕ್ರಾಂತಿಗೆ ಐದ ದಿನ ಅದಾವು."

ಗಂಗವ್ವ ಅವಳ ಅಕ್ಕ, ಇಳಕಲ್ಲಿನಲ್ಲಿದ್ದಾಳೆ. ಹನ್ನೊಂದು ವರ್ಷದ ಹಿಂದೆ ಬೀಗರ ಪಂಕ್ತಿಯಲ್ಲಿ ಶಾಂತವ್ವ ಅಕ್ಕನ ಹೋಳಿಗೆ ಎತ್ತಿ ಹಿಡಿದು, "ಇದನ್ನ ಚಪ್ಪಲಿಗೆ ಅಟ್ಟೆ ಹಚ್ಚಬಹುದು" ಎಂದಿದ್ದಳು. ನಾನು ಅದೇ ಸಾಲಿನಲ್ಲಿ ಕೂತಿದ್ದೆ. ಯಾರೂ ನಗಲಿಲ್ಲ. ಅಂದಿನಿಂದ ಮಾತಿಲ್ಲ, ಫೋನೂ ಎತ್ತುವುದಿಲ್ಲ. ಪ್ರತಿ ವರ್ಷ ಶಾಂತವ್ವ ಕಾರ್ಡು ಕಳಿಸುವುದು, ಅದು ತೆರೆಯದೆ ತಿರುಗಿ ಬರುವುದು. ಹನ್ನೊಂದೂ ಲಕೋಟೆ ಟ್ರಂಕಿನಲ್ಲಿದ್ದವು. ಈ ಸಲ ಅಕ್ಕತಂಗಿ ಲಂಗ ಉಟ್ಟು ನಿಂತ ಹಳೆಯ ಫೋಟೋ ಒಂದನ್ನು ಚೌಕಟ್ಟಿಗೆ ಹಚ್ಚಬೇಕೆಂದು ಅವಳ ಆಸೆ.

ಶುಕ್ರವಾರ ಬೆಳಿಗ್ಗೆ ಅಂದಾನಪ್ಪ ಯಂತ್ರಕ್ಕೆ "ಗಂಗವ್ವ" ಎಂದ. ಕಣ್ಣು ಮನೆಯೆಲ್ಲ ಹುಡುಕತೊಡಗಿತು. ಶಾಂತವ್ವ ಫೋಟೋ ಸೆರಗಿನಲ್ಲಿ ಮುಚ್ಚಿಕೊಂಡು ಅದರೆದುರು ಕೈ ಅಡ್ಡ ಹಿಡಿದಳು.

"ಏ ಮುಂಡೇದ, ಇದೊಂದು ಖಾಲಿ ಬಿಡು! ನಾನ ಹಚ್..."

ಕೊಡೆ ಬೆಳಗಿತು. ಮಾತು ಅಲ್ಲಿಗೇ ನಿಂತಿತು.

ಹಾಳೆ ಹೊರಬಂತು. ಚೌಕಟ್ಟಿನಲ್ಲಿ ಶಾಂತವ್ವ ಅಂಗೈ ಚಾಚಿ ನಿಂತಿದ್ದಳು, ಬಾಯಿ ಅರ್ಧ ತೆರೆದಿತ್ತು. ಸುತ್ತ ಲೇಸು, ಮೂಲೆಯಲ್ಲಿ ರಿಬ್ಬನ್ನು. ಪಡಸಾಲೆಯಲ್ಲಿ ಅವಳು ನಿಂತಿದ್ದ ಜಾಗ ಮಾತ್ರ ತಣ್ಣಗಿತ್ತು. ಅಲ್ಲಿ ಕೈಯಾಡಿಸಿದರೆ ಬಾವಿಯ ಗಾಳಿ ತಾಕಿದ ಹಾಗೆ.

"ಶಾಂತಾ!" ಎಂದು ಅಂದಾನಪ್ಪ ಹಾಳೆಯನ್ನು ಅಲುಗಾಡಿಸಿದ.

"ಅಲುಗಾಡಿಸಬ್ಯಾಡೋ, ತಲಿ ತಿರಗತೈತಿ ಆಕಿಗೆ!" ಎಂದೆ.

ಮತ್ತೆ ನೋಡಿದಾಗ ಅವಳು ಕೈ ಇಳಿಸಿ, ಚೌಕಟ್ಟಿನ ಅಂಚಿಗೆ ಒರಗಿ ಕೂತಿದ್ದಳು. ನಮ್ಮನ್ನೇ ನೋಡುತ್ತಿದ್ದಳು.

ಅಂದಾನಪ್ಪ ನೆಲಕ್ಕೆ ಕುಸಿದ. "ಗಂಗವ್ವ ತೆರೀಬೇಕು ಕಾಕಾ. ಆಕಿ ಹನ್ನೊಂದು ವರ್ಷ ಒಂದೂ ತೆರದಿಲ್ಲ! ನಾ ಹೋದ್ರ ಬಾಗಿಲ ಹಾಕ್ತಾಳ. ನಿನ್ನೂ ಗುರ್ತ ಹಿಡೀತಾಳ, ನೀನೂ ಆ ಪಂಕ್ತಿಯೊಳಗಿದ್ದಿ."

ಟ್ರಂಕಿನ ಲಕೋಟೆಗಳು ನೆನಪಾದವು. ಎಲ್ಲದರ ಮೇಲೂ ಶಾಂತವ್ವನ ದುಂಡು ಅಕ್ಷರ. ಅಕ್ಕ ಲಕೋಟೆ ತಿರುಗಿಸುತ್ತಿದ್ದದ್ದು ಆ ಅಕ್ಷರ ಕಂಡು.

"ವಿಳಾಸ ನಾ ಬರೀತೀನಿ," ಎಂದೆ. "ನನ್ನ ಅಕ್ಷರ ಯಾರೂ ನೋಡಿಲ್ಲ."

ಮೊದಲು ಕತ್ತರಿಸಿದೆ. ಅಷ್ಟು ನಿಧಾನ ಜೀವನದಲ್ಲಿ ಎಂದೂ ಕತ್ತರಿಸಿರಲಿಲ್ಲ. ಕತ್ತರಿ ಸೀರೆಯ ಅಂಚಿಗೆ ಬಂದಾಗ ಅವಳು ನೆರಿಗೆ ಒಳಗೆಳೆದುಕೊಂಡಳು. ಅಂಟಿಸಿ, ಕುಸುರೆಳ್ಳು ಇಟ್ಟು, ವಿಳಾಸದ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು. ಲಕೋಟೆ ಕಿವಿಗೆ ಹಿಡಿದರೆ ಬಳೆಯ ಸಪ್ಪಳ. ಪೋಸ್ಟಿನ ಗುಮಾಸ್ತ ಅದರ ಮೇಲೆ ಠಸ್ಸೆ ಎತ್ತಿದಾಗ ಅಂದಾನಪ್ಪ ಕಣ್ಣು ಮುಚ್ಚಿಕೊಂಡು, "ಮೆತ್ತಗ್ರೀ!" ಎಂದು ಚೀರಿದ.

ಶನಿವಾರ, ರವಿವಾರ, ಸೋಮವಾರ. ಅವನು ಉಣ್ಣಲಿಲ್ಲ. ಬಾಗಿಲಲ್ಲಿ ಕೂತು ಪೋಸ್ಟ್‌ಮನ್ನನ ಕೈಯನ್ನೇ ನೋಡುತ್ತಿದ್ದ, ಆ ಲಕೋಟೆ ತಿರುಗಿ ಬಂತೇನೋ ಎಂದು.

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನು ಬಂತು. ಎರಡು ದನಿ, ಒಟ್ಟಿಗೆ.

"ಕಣಕ ಇನ್ನೂ ನಾದಬೇಕು ಅಂತ ಹೇಳಿದ್ದಿಲ್ಲೇನು?"

"ಕಾಗದದಾಗಿಂದ ಬಂದು ನನಗ ಕಲಸ್ತೀಯೇನಲೇ?"

ಅಂದಾನಪ್ಪ ಗೋಡೆಗೆ ತಲೆಯಿಟ್ಟು ಅತ್ತ. ಆಮೇಲೆ, "ಶಾಂತಾ, ಯಾವಾಗ ಬರ್ತಿ?" ಎಂದ.

"ಹನ್ನೊಂದು ವರ್ಷದ ಮಾತು ಐತಿ. ಮುಗಿಲಿ," ಎಂದು ಫೋನು ಇಟ್ಟಳು.

ಎರಡು ದಿನ ಅವನು ರೊಟ್ಟಿ ಬಡಿದ. ಒಂದೂ ದುಂಡಾಗಲಿಲ್ಲ. ಗುರುವಾರ ಬೆಳಿಗ್ಗೆ ಕ್ರಾಪು ತಿದ್ದಿ, ಕೈಚೀಲ ಹಿಡಿದು, ಯಂತ್ರದೆದುರು ಕುರ್ಚಿ ಹಾಕಿಕೊಂಡು ಕೂತ.

"ಬಸ್ಸು ಐತಲ್ಲೋ," ಎಂದೆ.

"ಬಸ್ಸಿನ್ಯಾಗ ಹೋದ್ರ ಗಂಗವ್ವ ಹೊಸ್ತಿಲ ದಾಟಸೂದಿಲ್ಲ ಕಾಕಾ! ಕಾರ್ಡಿನ್ಯಾಗ ಹೋದ್ರ ನೆಟ್ಟಗ ಶಾಂತಾನ ಕೈಗೇ!" ಎಂದವನು, ಯಂತ್ರಕ್ಕೆ ಹೆಂಡತಿಯ ಹೆಸರು ಹೇಳಿ ಮುಗುಳ್ನಕ್ಕ. ಆ ನಗುವೇ ಪ್ರಿಂಟಾಯಿತು.

ಕತ್ತರಿಸಿದೆ, ಅಂಟಿಸಿದೆ, ಟಪಾಲಿಗೆ ಹಾಕಿದೆ. ಸೋಮವಾರ ಇಳಕಲ್ಲಿಗೆ ಫೋನು ಹಚ್ಚಿದೆ.

"ಕಾರ್ಡು ಮುಟ್ಟಿತೇನವ್ವಾ?"

"ಮುಟ್ಟೇತಿ ಕಾಕಾ. ಕಪಾಟಿನ ಮ್ಯಾಲ ಇಟ್ಟೀನಿ. ಬಾಳ ಚಂದ ಬಂದೈತಿ."

"ತೆರದ್ಯೋ?"

ಫೋನಿನಲ್ಲಿ ಅವಳ ಹಿಂದೆ ಎಲ್ಲೋ ರಟ್ಟನ್ನು ಒಳಗಿನಿಂದ ಬೆರಳಲ್ಲಿ ತಟ್ಟುವ ಸಪ್ಪಳ, ಟಕ್, ಟಕ್.

"ಇಲ್ಲಿ ಬಾಳ ಆರಾಮ ಐತಿ ಕಾಕಾ. ಶಿವರಾತ್ರಿ ಆಗ್ಲಿ, ನೋಡೂಣು."

ಶಾಂತವ್ವ ಹೋದದ್ದು ಶುಕ್ರವಾರ. ಅಂದಾನಪ್ಪ ಹೋದದ್ದು ಮುಂದಿನ ಗುರುವಾರ, ಆದರೆ ಅವನು ಇನ್ನೂ ಮುಟ್ಟಿಲ್ಲ.