ಮೀಟರಿನ ಮುಂದೆ ನಮ್ಮ ಕಾಕಾ

ದೇವರ ಮುಂದೆ ಐದು ನಿಮಿಷ ನೆಟ್ಟಗೆ ಕೂರದ ನಮ್ಮ ಕಾಕಾ ಕರೆಂಟ್ ಮೀಟರಿನ ಮುಂದೆ ಅರ್ಧ ಗಂಟೆ ಕಣ್ಣು ಮಿಟುಕಿಸದೆ ಕೂರಬಲ್ಲರು ಎಂದರೆ ನೀವು ನಂಬುವುದಿಲ್ಲ. ಶಿರಗುಪ್ಪಿಗೆ ಬಂದು ನಮ್ಮ ಪಡಸಾಲೆಯಲ್ಲಿ ನೋಡಿ! ಹೋದ ಚಳಿಗಾಲದಲ್ಲಿ ಅವರು ಹಾಗೆ ಗೋಡೆ ನೋಡುತ್ತ ಕೂತದ್ದನ್ನು ಕಂಡು ಎಷ್ಟೋ ಜನ ನನ್ನನ್ನು ಬದಿಗೆ ಕರೆದು, "ಕಾಕಾಗ ಆರಾಮ ಇಲ್ಲೇನೋ?" ಎಂದು ಕೇಳಿದ್ದರು.

ಕಾಕಾ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ, ನೌಕರಿ ಮಾಡಿ ನಿವೃತ್ತರಾದವರು. ತುಂಬಿದ ಗಾಡಿಯ ತೂಕ ಬರೆದುಕೊಳ್ಳುವುದು, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ ಕಳೆಯುವುದು, ಉಳಿದದ್ದೇ ಸತ್ಯ. ಇಡೀ ಲೋಕವನ್ನು ಅವರು ಅಳೆಯುವುದು ಹೀಗೆಯೇ. ನನಗೆ ಹೆಣ್ಣು ನೋಡಲು ಅಥಣಿಗೆ ಹೋದಾಗ ಹುಡುಗಿಯ ಅಪ್ಪ ತಮ್ಮ ದ್ರಾಕ್ಷಿ ತೋಟದ ವೈಭವ ಹೇಳುತ್ತಿದ್ದರೆ, ಇವರು ನನ್ನ ಕಿವಿಯಲ್ಲಿ, "ಮಾತಿನಾಗ ಅರ್ಧಾ ಖಾಲಿ ಗಾಡಿ ಐತಿ, ಕಳದು ಹಿಡಿ" ಎಂದಿದ್ದರು. ಕಳೆದೇ ಹಿಡಿದೆ. ಹುಡುಗಿ ಮಾತ್ರ ಪೂರ್ತಿ ತೂಕದವಳೇ ಸಿಕ್ಕಳು.

ಅಂಥವರ ಮನೆಯಲ್ಲಿ ಕರೆಂಟು ಒಂದೂವರೆ ಪಟ್ಟು ಉರಿದರೆ ಏನಾಗಬೇಡ? ಆ ತಿಂಗಳ ಬಿಲ್ಲು ಸರಕಾರ ಕೊಡುವ ಪುಕ್ಕಟೆ ಕರೆಂಟಿನ ಗೆರೆ ದಾಟಿತ್ತು. ಮೀಟರೇ ಕೆಟ್ಟಿರಬಹುದು ಎಂದೆ. ಕಾಕಾಗೆ ಸಿಟ್ಟು ಬಂತು.

"ಕಾಟಾ ಎಂದೂ ಸುಳ್ಳ ಹೇಳಂಗಿಲ್ಲೋ ತಮ್ಮಾ. ಗಾಡಿ ಹೊಡ್ಯಾಂವ ಹೇಳ್ತಾನ" ಎಂದವರೇ, ರೊಟ್ಟಿ ಮುರಿಯುತ್ತ ಪ್ರತಿಜ್ಞೆ ಮಾಡಿಬಿಟ್ಟರು. "ಕರೆಂಟ್ ತಿನ್ನೂ ಸಾಮಾನ ಯಾವುದರ ಇರ್ಲಿ, ಯಾರ ತವರಮನಿಯಿಂದರ ಬಂದಿರ್ಲಿ, ಸಿಕ್ಕ ದಿನಾ ಗೇಟಿನ ಹೊರಗ ಒಗೀತೀನಿ."

ಅಥಣಿಯಿಂದ ಬಂದ ಫ್ರಿಜ್ಜಿನ ಕಡೆ ನನ್ನ ಹೆಂಡತಿ ಗಾಬರಿಯಿಂದ ನೋಡಿದಳು. ಕಾಕಾನ ಹೆಂಡತಿ, ನಮ್ಮ ಕಾಕು, ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಮರುದಿನದಿಂದ ತನಿಖೆ. ಮೀಟರಿನಲ್ಲಿ ಒಂದು ಕೆಂಪು ದೀಪವಿದೆಯಲ್ಲ, ಕರೆಂಟು ಹರಿದಂತೆ ಮಿಣುಕುವುದು, ಕಾಕಾನ ಕಣ್ಣು ಅದರ ಮೇಲೆ. ನನ್ನ ಕೈ ಸ್ವಿಚ್ಚುಗಳ ಮೇಲೆ. ಮೊದಲು ಎಲ್ಲ ಬಂದ್ ಮಾಡಿ ಖಾಲಿ ಗಾಡಿ ತೂಗಿದರು. ಆಮೇಲೆ "ಫ್ಯಾನ್ ಹೇರು", "ಟೀವಿ ಹೇರು", "ಫ್ರಿಜ್ ಇಳಸು" ಎಂದು ಪಡಸಾಲೆಯಿಂದ ಕೂಗುವುದು, ನಾನು ಒಳಗೆ ಹಮಾಲನ ಹಾಗೆ ಹೇರುವುದು, ಇಳಿಸುವುದು! ಸಂಜೆಯ ತನಕ ತೂಗಿದರೂ ಯಾವುದೂ ಕಳ್ಳ ಎಂದು ಸಾಬೀತಾಗಲಿಲ್ಲ.

ಆಗ ಸೀಲು ಹಾಕತೊಡಗಿದರು. ಮಿಕ್ಸರಿನ ಸ್ವಿಚ್ಚು, ಇಸ್ತ್ರಿಯ ಸ್ವಿಚ್ಚು, ಮನೆ ಗಿರಣಿಯ ಸ್ವಿಚ್ಚು, ಎಲ್ಲದರ ಮೇಲೆ ಕಾಗದದ ಪಟ್ಟಿ ಅಂಟಿಸಿ ತಮ್ಮ ಸಹಿ ಹಾಕಿದರು. ಮೂರು ದಿನ ನನ್ನ ಹೆಂಡತಿ ಒರಳಿನಲ್ಲಿ ಚಟ್ನಿ ಕುಟ್ಟಿದಳು. ಮೂರನೆಯ ದಿನ ಕಾಕಾ ಬೆರಳು ನೆಕ್ಕುತ್ತ, "ನೋಡ, ಸೀಲ್ ಹಾಕಿದ ಮ್ಯಾಲೆ ಮಿಕ್ಸರ್ ಎಷ್ಟ ಛಲೋ ರುಬ್ಬಾಕತ್ತೈತಿ" ಎಂದರು. ಅವಳು ಅವರ ಮುಂದೆ ನಗಲಾರದೆ ಒಳಗೆ ಓಡಿದಳು.

ಮನೆಯಲ್ಲಿ ಕಳ್ಳ ಸಿಗದಿದ್ದರೆ ನೆರೆಮನೆಯಲ್ಲಿ ಸಿಗಬೇಕಲ್ಲವೇ? ಒಂದು ಸಂಜೆ ನಮ್ಮ ಮೇನ್ ಸ್ವಿಚ್ ಬಂದ್ ಮಾಡಲು ನನಗೆ ಹೇಳಿ, ತಾವು ಪಕ್ಕದ ಮನೆಯ ಕಿಟಕಿಯ ಕೆಳಗೆ ಕಿವಿಗೊಟ್ಟು ನಿಂತರು. ನಮ್ಮ ಮನೆ ಕತ್ತಲಾಯಿತು. ಅವರ ಮನೆಯ ಟೀವಿಯಲ್ಲಿ ಮರಾಠಿ ಧಾರಾವಾಹಿ ಮಾತ್ರ ನಡೆದೇ ಇತ್ತು. ಅಂದರೆ ನೆರೆಯವರು ನಿರಪರಾಧಿಗಳು. ಒಂದೇ ನಿಮಿಷದಲ್ಲಿ ತೀರ್ಮಾನವಾಗಬೇಕಾದ ಮಾತು. ಕಾಕಾ ಅರ್ಧ ಗಂಟೆ ಬಿಟ್ಟು ಬಂದು, "ಕರೆಂಟ್ ಅವರದಽ ಐತಿ. ಆದ್ರ ಆ ಸಣ್ಣ ಸೊಸಿಗೆ ಅತ್ತಿ ಭಾಳ ಕಾಡಾಕತ್ಯಾಳ" ಎಂದು ವರದಿ ಒಪ್ಪಿಸಿದರು.

ಸಂಶಯದ ಪಟ್ಟಿಯಲ್ಲಿ ಇಲ್ಲದವರು ಮನೆಯಲ್ಲಿ ಒಬ್ಬರೇ, ಸ್ವತಃ ಕಾಕಾ. ಯಾಕೆಂದರೆ ಅವರ ಸ್ನಾನ ವರ್ಷವಿಡೀ ತಣ್ಣೀರಿನದು. ನಾವೆಲ್ಲ ಕಟ್ಟಿಗೆ ಉರಿಯುವ ತಾಮ್ರದ ಬಂಬದಲ್ಲಿ ನೀರು ಕಾಯಿಸಿಕೊಳ್ಳುವ ಹೇಡಿಗಳು. ದೀಪಾವಳಿಯ ಹೊತ್ತಿಗೆ ಕಾಕಾ ಎದೆಯಲ್ಲಿ ಕಫ ಕಟ್ಟಿ ಮಲಗಿದಾಗ ಮಿರಜದ ಡಾಕ್ಟರು ತಣ್ಣೀರು ಮುಟ್ಟಲೇಬೇಡಿ ಎಂದಿದ್ದರು. ಕಾಕು ಕೈಮುಗಿದು ಬೇಡಿಕೊಂಡಿದ್ದರು. ಕೇಳಿದರೆ ಅವರು ಕಾಕಾ ಹೇಗಾದಾರು? ದಿನಾ ನಸುಕಿನಲ್ಲಿ ಕಬ್ಬಿನ ಹೊಲದ ತನಕ ಅಡ್ಡಾಡಿ ಬಂದು, ಬಚ್ಚಲಿನ ದೊಡ್ಡ ಬ್ಯಾರಲ್ಲಿನಿಂದ ತಂಬಿಗೆ ತಂಬಿಗೆ ಸುರಿದುಕೊಂಡು ಹೊರಬರುತ್ತಿದ್ದರು. "ಬೋರಿನ ನೀರಿನ ಗುಣಾನ ಅದು. ಭೂಮಿತಾಯಿ ಹೊಟ್ಯಾಗಿಂದ ಬಂದದ್ದು, ಥಂಡ್ಯಾಗ ಚುಚ್ಚಂಗಿಲ್ಲ" ಎಂದು ನಮಗೆ ಪಾಠ ಬೇರೆ. ರಾತ್ರಿಯಿಡೀ ಬ್ಯಾರಲ್ಲಿನಲ್ಲಿ ನಿಂತ ನೀರು ಭೂಮಿತಾಯಿಯನ್ನು ಇನ್ನೂ ನೆನಪಿಟ್ಟುಕೊಂಡಿರುತ್ತದೆಯೇ ಎಂದು ನಾನೂ ಕೇಳಲಿಲ್ಲ, ಅವರೂ ಯೋಚಿಸಲಿಲ್ಲ.

ಒಂದು ನಸುಕಿನಲ್ಲಿ ಮಫ್ಲರ್ ಮರೆತ ಕಾಕಾ ಅರ್ಧ ದಾರಿಯಿಂದ ಹಿಂದಿರುಗಿದರು. ನಾನು ಹಲ್ಲುಜ್ಜುತ್ತ ಪಡಸಾಲೆಯಲ್ಲಿ ನಿಂತಿದ್ದೆ. ಇಬ್ಬರೂ ಒಟ್ಟಿಗೇ ಮೀಟರ್ ನೋಡಿದೆವು. ಕೆಂಪು ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು! ಕಾಕಾ ತುಟಿಯ ಮೇಲೆ ಬೆರಳಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ನಡೆದರು. ನಾನು ಹಿಂದೆ.

ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಬ್ಯಾರಲ್ಲಿನಲ್ಲಿ ನೀರು ಕಾಯಿಸುವ ರಾಡು ಇಳಿಬಿದ್ದಿತ್ತು. ಅದರ ವೈರಿಗೆ ಮೂರು ಕಡೆ ಟೇಪು ಸುತ್ತಿತ್ತು. ಕಾಕು ಸ್ವಿಚ್ಚು ಆರಿಸಿ, ಪಿನ್ನು ಕಿತ್ತು, ಸೀರೆಯ ಸೆರಗನ್ನು ಭುಜಕ್ಕೇರಿಸಿ, ಮೊಳಕೈಯನ್ನು ನೀರಿನಲ್ಲಿ ಅದ್ದಿ ನೋಡಿದರು. ಎಳೆಗೂಸಿನ ನೀರು ನೋಡುವಾಗ ಹಾಗೆ ನೋಡುತ್ತಾರೆ. ಬಿಸಿಯೂ ಆಗಬಾರದು, ತಣ್ಣಗೂ ಇರಬಾರದು. ಬಂಬ ಹೊತ್ತಿಸಿದರೆ ಹೊಗೆ ಕಾಣುತ್ತದೆ, ಬಕೆಟ್ಟಿನಲ್ಲಿ ಕಾಯಿಸಿಕೊಟ್ಟರೆ ಕಾಕಾ ಮುಟ್ಟುವುದಿಲ್ಲ. ಅದಕ್ಕೇ ದಿನಾ ಇಡೀ ಬ್ಯಾರಲ್ಲಿನ ಚಳಿ ಮುರಿಯಬೇಕು. ನಂತರ ರಾಡನ್ನು ಒರೆಸಿ ಜೋಳದ ಚೀಲದ ಹಿಂದೆ ಬಚ್ಚಿಟ್ಟರು.

ಈಗ ರಾಡು ಗೇಟಿನ ಹೊರಗೆ ಹಾರುತ್ತದೆ ಎಂದುಕೊಂಡೆ. ಕಾಕಾ ಅಲುಗಲಿಲ್ಲ. ತಮ್ಮ ನೀರಿಗೆ ಇಷ್ಟು ದಿನ ಯಾರು ಭೂಮಿತಾಯಿಯಾಗಿದ್ದರು ಎಂಬುದು ಅವರಿಗೆ ತಿಳಿಯಲು ಅಷ್ಟು ಹೊತ್ತು ಹಿಡಿಯಿತೋ ಏನೋ. ಆಮೇಲೆ ಬಂದ ಹಾಗೆಯೇ ಸದ್ದಿಲ್ಲದೆ ಹೊರಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಗೇಟಿನಲ್ಲಿ ಜೋರಾಗಿ ಕೆಮ್ಮುತ್ತ ಬಂದು, ಸ್ನಾನ ಮಾಡಿ, ಮೈ ಒರೆಸಿಕೊಳ್ಳುತ್ತ, "ಏನ್ ಥಂಡಿ ನೀರು ಇವತ್ತ" ಎಂದರು.

"ನಿಮ್ಮ ಹಟಾ ಎಂದ ಬಿಡ್ತೀರೋ" ಎಂದು ಕಾಕು ಒಲೆಯ ಕಡೆ ತಿರುಗಿದರು.

ಮಧ್ಯಾಹ್ನ ಸೀಲುಗಳೆಲ್ಲ ಕಿತ್ತುಹೋದವು. ಫ್ರಿಜ್ಜು ಉಳಿಯಿತು. ಕಳ್ಳ ಸಿಕ್ಕನೇ ಎಂದು ಹೆಂಡತಿ ಕೇಳಿದರೆ ಕಾಕಾ, "ತೂಕ ಸರಿ ಐತಿ. ಗಾಡಿ ಬಿಡ್ರಿ" ಎಂದಷ್ಟೇ ಹೇಳಿದರು. ಎರಡು ದಿನ ಬಿಟ್ಟು ಕಾಕು ನನ್ನನ್ನು ಬಚ್ಚಲಿನ ಬಳಿ ಕರೆದು, ರಾಡಿಗೆ ಹೊಸ ವೈರು ಹಾಕಿಸಿದವನು ನೀನೇ ಏನೋ ಎಂದು ಮೆಲ್ಲಗೆ ಕೇಳಿದರು. ಹೂಂ ಎಂದೆ. ಸುಳ್ಳು ಹೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಈಗ ನಸುಕಿನಲ್ಲಿ ನಾನೂ ಕಾಕಾನ ಜೊತೆ ಅಡ್ಡಾಡಲು ಹೋಗುತ್ತೇನೆ. ಮೊನ್ನೆ ಮಂಜು ಬಿದ್ದಿತ್ತು, ಲಗುಬಗೆಯಿಂದ ಮನೆಯತ್ತ ಹೆಜ್ಜೆ ಹಾಕಿದೆ. ಗೇಟಿನ ಹತ್ತಿರ ಕಾಕಾ ನನ್ನ ತೋಳು ಹಿಡಿದು ನಿಲ್ಲಿಸಿ, ಗಡಿಯಾರ ನೋಡಿದರು.

"ಆಕಿದ ಇನ್ನೂ ಮುಗದಿರಂಗಿಲ್ಲೋ ತಮ್ಮಾ. ಈಗ ಹೋದ್ರ ಪಾಪ, ಸಿಕ್ಕೊಂತಾಳ. ಇನ್ನೊಂದ ಸುತ್ತ ಹಾಕೂಣು ನಡಿ."