ನಾನು ಕುಲಾವಿ ಹೆಣೆಯಲು ಹೋದದ್ದು

ಹಗ್ಗ ಹೊಸೆಯುವುದರಲ್ಲಿ, ಗಂಟು ಹಾಕುವುದರಲ್ಲಿ ಮದ್ದೂರು ಕಡೆಯ ನಮ್ಮ ಕೊಪ್ಪದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ನಿಜ ಸಂಗತಿ. ಒಕ್ಕಣೆ ಕಾಲದಲ್ಲಿ ಎತ್ತು ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಹಗ್ಗದ ಬಲೆ ಇದೆಯಲ್ಲ, ಕುಕ್ಕೆ, ಅದನ್ನು ಕಣ್ಣು ಮುಚ್ಚಿಕೊಂಡು ಹೆಣೆಯುತ್ತಿದ್ದವನು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇನ್ನೇನು ಬೇಕು? ಹೀಗಿರುವಾಗ ಅಂಗೈಯಗಲದ ಒಂದು ಕುಲಾವಿ ನನಗೆ ಯಾವ ಲೆಕ್ಕ ಎಂದುಕೊಂಡೆ. ಎಂದುಕೊಂಡದ್ದೇ ತಪ್ಪಾಯಿತು!

ಮೊದಲು ಸಂತೋಷದ ವಿಷಯ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನನ್ನ ಮಗಳು ಪವಿತ್ರನ ಚೊಚ್ಚಲ ಮಗು. ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಡೈರಿಯಲ್ಲಿ ಹಾಲು ಅಳೆಯುವವನಿಗೆ ಹೇಳಿದೆ, ರಾಂಗ್ ನಂಬರಿನಿಂದ ಫೋನ್ ಮಾಡಿದ ಯಾರೋ ಹೆಂಗಸಿಗೂ ಹೇಳಿದೆ. ಆಯಮ್ಮ ಪಾಪ, "ಒಳ್ಳೇದಾಗ್ಲಿ" ಎಂದು ಫೋನಿಟ್ಟಳು.

ಬಾಣಂತನ ನಮ್ಮ ಮನೆಯಲ್ಲಿ ಆಗಬೇಕಿತ್ತು. ಆದರೆ ಅದೇ ಹೊತ್ತಿಗೆ ನನ್ನ ಹೆಂಡತಿ ಸಾಕಮ್ಮನಿಗೆ ಟಿ.ಬಿ. ಕೆಮ್ಮು ಹಿಡಿಯಿತು. ಮಂಡ್ಯದ ಆಸ್ಪತ್ರೆಯ ಡಾಕ್ಟರಮ್ಮ, "ಕಫ ಪರೀಕ್ಷೆ ಸರಿಯಾಗಿ ಬಂದು, ನಾನು ಹೇಳೋವರೆಗೂ ಮಗು ಹತ್ತಿರ ಹೋಗಬೇಡಿ" ಎಂದುಬಿಟ್ಟರು. ಹಾಗಾಗಿ ಮಗಳು ಗಂಡನ ಮನೆ ಹನಕೆರೆಯಲ್ಲೇ ಉಳಿದಳು. ಸಾಕಮ್ಮ ಮೊಮ್ಮಗಳನ್ನು ಫೋನಿನಲ್ಲೇ ನೋಡಬೇಕು. ಮಗುವಿನ ಕೆನ್ನೆಯ ಮೇಲೆ ಏನೋ ಅಂಟಿದೆ ಎಂದು ದಿನಾ ಸೆರಗಿನಲ್ಲಿ ಒರೆಸುತ್ತಿದ್ದಳು. ಅದು ಫೋನಿನ ಗಾಜಿನ ಬಿರುಕು! ಅವಳನ್ನು ಬಿಟ್ಟು ನಾನೊಬ್ಬನೇ ಹೋಗಿ ಮಗು ಎತ್ತಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಆಸ್ಪತ್ರೆಯಲ್ಲಿ ನನಗಿದ್ದ ಕೆಲಸ ಚೀಲ ಹಿಡಿಯುವುದು, ಹೆಸರು ಕೂಗಿದಾಗ ಏಳುವುದು, ಆಮೇಲೆ ಹೆದರುವುದು. ಹೆದರುವ ಕೆಲಸವನ್ನು ಯಾರೂ ಒಪ್ಪಿಸಿರಲಿಲ್ಲ, ನಾನೇ ವಹಿಸಿಕೊಂಡಿದ್ದೆ. ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಇಡೀ ಬೆಂಚೇ ನಡುಗುತ್ತಿತ್ತು.

ಅದೇ ಬೆಂಚಿನ ಆ ತುದಿಯಲ್ಲಿ ಮದ್ದೂರಿನ ಮೆಹರಕ್ಕ ಕೂರುತ್ತಿದ್ದರು. ಅವರ ಯಜಮಾನರಿಗೆ ದಮ್ಮು. ಆಯಮ್ಮ ಕೊಕ್ಕೆಯಿದ್ದ ಪುಟ್ಟ ಕಡ್ಡಿಯಿಂದ ಉಲ್ಲನ್ ದಾರ ಎಳೆದೆಳೆದು ಹೂವು ಮಾಡುತ್ತಿದ್ದರು. ಕ್ರೋಷಾ ಅಂತೆ. ನನಗೆ ಸುಮ್ಮನಿರಲಾಗಲಿಲ್ಲ.

"ಅಲ್ಲಾ ಕಣಕ್ಕಾ, ಇದ್ರಲ್ಲಿ ಗಂಟು ಎಲ್ ಅದೆ?"

"ಗಂಟೇ ಇಲ್ಲ ಕಣಣ್ಣಾ. ಕುಣಿಕೆ ಒಳ್ಗೆ ಇನ್ನೊಂದು ಕುಣಿಕೆ. ಅಷ್ಟೇಯ."

"ಎಳುದ್ರೆ?"

ಮೆಹರಕ್ಕ ಎಳೆದರು. ಅರ್ಧ ಹೂವು ಬುರ್ರನೆ ಬಿಚ್ಚಿ ಬರೀ ದಾರವಾಯಿತು! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಂದೂ ಗಂಟಿಲ್ಲದೆ ನಿಂತ ವಸ್ತುವನ್ನು ಜನ್ಮದಲ್ಲಿ ಕಂಡಿರಲಿಲ್ಲ. ನನ್ನ ಕುತೂಹಲ ತಡೆಯಲಾರದೆ ಆಯಮ್ಮ ಒಂದು ಕಡ್ಡಿಯನ್ನೂ ಗುಲಾಬಿ ದಾರದ ಉಂಡೆಯನ್ನೂ ಕೊಟ್ಟರು. "ಕಲೀರಿ. ಕೈಗೆ ಕೆಲ್ಸ ಇದ್ರೆ ಎದೆ ಒಡ್ಕಳಾದು ಕಮ್ಮಿ ಆಯ್ತದೆ."

ಮೊಮ್ಮಗಳಿಗೆಂದು ಕುಲಾವಿ ಹೆಣೆಯಲು ಕೂತೆ. ನಿಜವಾಗಿಯೂ ಕಮ್ಮಿಯಾಯಿತು! ಎಷ್ಟರಮಟ್ಟಿಗೆ ಎಂದರೆ, ಒಮ್ಮೆ ಸಾಕಮ್ಮನ ಹೆಸರು ಕೂಗಿದ್ದೇ ಕೇಳಿಸಲಿಲ್ಲ. ಅವಳೇ ಒಳಗೆ ಹೋಗಿ ಬಂದಳು.

"ಡಾಕ್ಟ್ರು ಏನಂದ್ರಮ್ಮಿ?"

"ನಿಮ್ ಜೊತೇಲಿ ಯಾರೂ ಬಂದಿಲ್ವಾ ಅಂದ್ರು. ಇಲ್ಲ ಅಂದೆ."

ಆದರೂ ನನ್ನ ಮನಸ್ಸಿಗೆ ಒಂದು ಸಮಾಧಾನವಿರಲಿಲ್ಲ. ಮೊಮ್ಮಗಳ ತಲೆಯ ಮೇಲಿನ ಕುಲಾವಿ ಎಳೆದರೆ ಬಿಚ್ಚಿಕೊಳ್ಳುವುದೆಂದರೇನು? ಭದ್ರತೆ ಬೇಡವೇ? ಮೆಹರಕ್ಕ ಆಚೆ ತಿರುಗಿದಾಗಲೆಲ್ಲ ಪ್ರತಿ ಕುಣಿಕೆಗೂ ನನ್ನ ಕುಕ್ಕೆಯ ಗಂಟು ಒಂದೊಂದು ಬಿಗಿದೆ. ಸಾಕಮ್ಮ ಅದನ್ನು ಮುಟ್ಟಿ ನೋಡಿದಳು.

"ಪವಿತ್ರನಪ್ಪ, ನಿಮ್ ಮಗಳು ಎತ್ತಿರೋದು ಕೂಸಾ, ಕರುವಾ?"

"ಯಾಕಮ್ಮಿ?"

"ಇದ್ನ ತಲೆಗೆ ಆಕದಾ, ಮೂತಿಗೆ ಕಟ್ಟದಾ?"

ಬಲ್ಲವರಿಗೆ ಇಂಥ ಮಾತು ತಾಗುವುದಿಲ್ಲ. ನಾನು ಅಳತೆ ಕೇಳಲು ಮಗಳಿಗೆ ಫೋನು ಮಾಡಿದೆ.

"ಮಗಿನ ತಲೆ ಎಷ್ಟು ದಪ್ಪ ಅದೆ ಮಗಾ?"

"ಇರಪ್ಪ, ಟೇಪ್ ತತ್ತೀನಿ."

"ಟೇಪೆಲ್ಲಾ ನಂಗೆ ಅರ್ಥಾಗಕಿಲ್ಲ. ತೆಂಗಿನಕಾಯಿ ಲೆಕ್ಕದಲ್ಲಿ ಏಳವ್ವ."

ಟೇಪು ಕೆಳಗಿಟ್ಟ ಸದ್ದಾಯಿತು. ಆಮೇಲೆ ಸಣ್ಣ ದನಿ ಬಂತು. "ನಮ್ ಇತ್ಲು ಮರದ ಸುಲ್ದಿರೋ ಕಾಯಷ್ಟು ಇರ್ಬೋದು."

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಹಿತ್ತಲ ಮರದ ಕಾಯೊಂದನ್ನು ಸುಲಿದು ಚೀಲಕ್ಕೆ ಹಾಕಿಕೊಂಡೆ. ಅವತ್ತೇ ಕಫ ಪರೀಕ್ಷೆಯ ಫಲಿತಾಂಶ ಬರುವ ದಿನ. ಸಾಕಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಸ್ಪತ್ರೆಯ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಆಸ್ಪತ್ರೆಯಲ್ಲಿ ಅವಳು ಒಳಗೆ ಹೋದದ್ದೇ ನಾನು ಕಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕುಲಾವಿ ತೊಡಿಸಿ, ಅಂಚು ಹೆಣೆಯತೊಡಗಿದೆ. ಎದುರಿಗಿದ್ದ ಮುದುಕಿ ಕೈ ಮುಗಿದು ಕೇಳಿದಳು.

"ಯಾವ ದೇವ್ರಿಗಪ್ಪಾ ಕಾಯಿ?"

"ದೇವ್ರಿಗಲ್ಲ ಕಣವ್ವಾ. ನಮ್ ಮೊಮ್ಮಗಳು!"

ಮುದುಕಿ ಎದ್ದು ಬೇರೆ ಬೆಂಚಿಗೆ ಹೋದಳು.

ಅಷ್ಟರಲ್ಲಿ ದಾರದ ಉಂಡೆ ಕೈಜಾರಿ ಉರುಳಿತು. ಅದೇ ಹೊತ್ತಿಗೆ ಸಿಸ್ಟರೊಬ್ಬರು ಔಷಧಿ ಗಾಡಿ ತಳ್ಳಿಕೊಂಡು ಬಂದರು. ದಾರ ಗಾಡಿಯ ಚಕ್ರಕ್ಕೆ ಸುತ್ತಿಕೊಂಡಿತು! ಗಾಡಿ ಮುಂದೆ ಹೋದಂತೆಲ್ಲ ದಾರ ಬಿಗಿಯಾಯಿತು.

"ಬುಟ್ಬುಡಿ ಅಣ್ಣಾ! ತಾನೇ ಬಿಚ್ಕತ್ತದೆ, ಇನ್ನೊಂದು ಎಣುದ್ರಾಯ್ತು!" ಎಂದು ಮೆಹರಕ್ಕ ಕೂಗಿದರು.

ಬಿಟ್ಟೆ. ಬೇರೆ ಯಾರು ಹೆಣೆದಿದ್ದರೂ ಬಿಚ್ಚಿಕೊಳ್ಳುತ್ತಿತ್ತು. ನನ್ನದು ಬಿಚ್ಚಲಿಲ್ಲ! ಗಾಡಿ ದಾರವನ್ನೆಳೆಯಿತು, ದಾರ ಕುಲಾವಿಯನ್ನೆಳೆಯಿತು, ಕುಲಾವಿ ಕಾಯಿಯನ್ನೆಳೆಯಿತು. ಗುಲಾಬಿ ಕುಲಾವಿ ತೊಟ್ಟ ತೆಂಗಿನಕಾಯಿ ತೊಡೆಯಿಂದ ಧುಮುಕಿ, ರೋಗಿಗಳ ಕಾಲುಗಳ ನಡುವೆ ಗಡಗಡ ಉರುಳುತ್ತಾ ಹೊರಟಿತು. ಹಿಂದೆ ನಾನು, ನನ್ನ ಹಿಂದೆ ಮೆಹರಕ್ಕ! "ಏನಪ್ಪಾ ಅದು!" "ಕಾಲೆತ್ಕಳ್ಳಿ!" ಎಂದು ಜನ ಬೆಂಚಿನ ಮೇಲೆ ಕಾಲಿಟ್ಟುಕೊಂಡರು. ಗಾಡಿ ನೇರವಾಗಿ ಡಾಕ್ಟರಮ್ಮನ ಕೋಣೆಗೇ ಹೋಯಿತು. ಬಾಗಿಲಲ್ಲಿ ಮುಗ್ಗರಿಸಿದ ನಾನು ಮಂಡಿಯೂರಿ ಕೂಗಿದೆ.

"ಸಾಕಮ್ಮಿ, ಕಾಯಿ ಇಡ್ಕೊ!"

ಅವಳು ಹಿಡಿಯುವುದರೊಳಗೆ ಕಾಯಿ ಕಬ್ಬಿಣದ ಮೇಜಿನ ಕಾಲಿಗೆ ಬಡಿದು ಫಟಾರನೆ ಒಡೆಯಿತು. ನೀರೆಲ್ಲ ಡಾಕ್ಟರಮ್ಮನ ಚಪ್ಪಲಿಗೆ!

"ಯಾರ್ರೀ ಈತ?" ಡಾಕ್ಟರಮ್ಮ ಎದ್ದು ನಿಂತರು.

ಸಾಕಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರೋ ಗೊತ್ತಿಲ್ಲ ಕಣ್ರವ್ವಾ" ಎಂದಳು.

ಹೇಳಿದವಳಿಗೇ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕಾಯಿಲೆ ಬಂದಾಗಿನಿಂದ ಅವಳು ನಕ್ಕರೆ ಕೆಮ್ಮಿನಲ್ಲೇ ಮುಗಿಯುತ್ತಿತ್ತು, ನಾನು ನೀರಿಗೆ ಓಡಬೇಕಿತ್ತು. ಈಗಲೂ ಮೇಜಿನ ಮೇಲಿದ್ದ ನೀರಿನ ಚೊಂಬಿಗೆ ಕೈ ಹಾಕಿ ಕಾದೆ. ಕೆಮ್ಮು ಬರಲಿಲ್ಲ. ಅವಳಿಗೂ ಅದು ಗೊತ್ತಾಗಿ, ನಗು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

ಡಾಕ್ಟರಮ್ಮ ಕೂತರು. "ಅದನ್ನೇ ಹೇಳ್ತಿದ್ದೆ, ಅಷ್ಟರಲ್ಲಿ ಕಾಯಿ ಬಂತು. ಕಫದಲ್ಲಿ ಏನೂ ಇಲ್ಲ, ಎಕ್ಸ್‌ರೇನೂ ಚೆನ್ನಾಗಿದೆ. ಮಾತ್ರೆ ಮಾತ್ರ ಮುಗಿಯೋವರೆಗೂ ಬಿಡಬೇಡಿ. ಹೋಗಿ, ಮೊಮ್ಮಗಳನ್ನ ಎತ್ಕೊಳ್ಳಿ."

"ಎತ್ಕಬೋದಾ?"

"ಎತ್ಕೊಳ್ಳಿ."

"ಎದೆಗವುಚ್ಕಂಡು?"

"ಅವುಚ್ಕೊಂಡೇ ಎತ್ಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಮಾತ್ರ ನೆಲ ಒರೆಸಿ ಹೋಗಿ!"

ಹೆಗಲ ಟವೆಲಿನಿಂದ ಒರೆಸಿದೆ. ಎಷ್ಟು ಒರೆಸಿದರೂ ಒದ್ದೆಯಾಗುತ್ತಲೇ ಇತ್ತು. ಕಾಯಿಯಲ್ಲಿ ಅಷ್ಟು ನೀರಿರಲಿಲ್ಲ.

ಮಾರನೆಯ ದಿನವೇ ಹನಕೆರೆಗೆ ಹೋದೆವು. ಸಾಕಮ್ಮ ಕೈಕಾಲು ತೊಳೆದು, ಗೋಡೆಗೊರಗಿ ಕೂತು, ಎರಡೂ ಕೈ ಚಾಚಿದಳು. ಪವಿತ್ರ ಮಗುವನ್ನು ತಂದು ಇಟ್ಟಳು. ಬೀಗಿತಿಯೂ ಬಾಗಿಲಲ್ಲಿ ಸುಮ್ಮನೆ ನಿಂತರು.

ಸುಮ್ಮನಿರಲು ಬಾರದವನು ನಾನೊಬ್ಬನೇ! "ಇರು ಇರು" ಎಂದು ಒಗೆದು ಒಣಗಿಸಿದ್ದ ಕುಲಾವಿ ತೆಗೆದು ಮೊಮ್ಮಗಳ ತಲೆಗೆ ತೊಡಿಸಿಯೇಬಿಟ್ಟೆ. ಗಂಟುಗಳು ಚುಚ್ಚಿದ್ದೇ ತಡ, ಮಗು ರೈಲ್ವೆ ಸ್ಟೇಷನ್ನಿಗೆ ಕೇಳಿಸುವಂತೆ ಕಿರುಚಿತು. ಕುಲಾವಿ ಕಿತ್ತು ಬಿಸಾಡಿದ ಮೇಲೆ ಸಮಾಧಾನವಾಯಿತು. ನನ್ನ ಮುಖ ನೋಡಿ ಮತ್ತೆ ಶುರುಮಾಡಿತು!

"ಪವಿತ್ರನಪ್ಪ, ಆಚಿಕ್ ನಡೀರಿ! ಮಗು ಬೆಚ್ಕತ್ತದೆ."

"ನಾನೂ ಒಂದ್ಗಳಿಗೆ ಎತ್ಕತೀನಿ ಕಣಮ್ಮಿ."

"ನಾನ್ ಹೇಳಾಗಂಟ ಮಗು ಅತ್ರ ಬರ್ಬ್ಯಾಡಿ!"

ಈಗ ಅವಳು ಒಳಗೆ ಜೋಗುಳ ಹಾಡುತ್ತಿದ್ದಾಳೆ. ಒಂದು ಶೀತವೂ ಇಲ್ಲದ ಗಟ್ಟಿಮುಟ್ಟಾದ ನಾನು ಜಗಲಿಯ ಮೇಲೆ ನಿಂತು, ಕಿಟಕಿಯ ಸಂದಿಯಲ್ಲಿ ಮೊಮ್ಮಗಳ ಒಂದು ಕಿವಿ ಮಾತ್ರ ನೋಡುತ್ತಿದ್ದೇನೆ. ತುಂಬಾ ಮುದ್ದಾದ ಕಿವಿ. ಅಷ್ಟರಲ್ಲಿ ಬೀಗಿತಿ ಬಂದು, "ಮಗೀಗೆ ಗಾಳಿ ಬತ್ತದೆ" ಎಂದು ಕಿಟಕಿಯನ್ನೂ ಮುಚ್ಚಿದರು!